ಸಹಯೋಗದ ನಕ್ಷೆಯಲ್ಲಿ ವಿದ್ಯಾರ್ಥಿಗಳ ಹೆಸರು ಬಿಡಬೇಡಿ

ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಯಾವ ಲ್ಯಾಬ್ ಯಾವುದರ ಜೊತೆ ಕೆಲಸ ಮಾಡುತ್ತಿದೆ ಎಂದು ನೋಡಲು, ಜನರನ್ನು ಬಿಂದುಗಳಾಗಿ, ಅವರ ನಡುವಿನ ಸಹಯೋಗವನ್ನು ಗೆರೆಗಳಾಗಿ ತೋರಿಸುವ ನಕ್ಷೆ ಬರೆಯುತ್ತೇವೆ. ಅದಕ್ಕೆ ಮೊದಲು ಕೈಹಾಕುವುದು ಜಂಟಿ ಪ್ರಬಂಧಗಳಿಗೆ. ವೈದ್ಯಕೀಯ ಪ್ರಬಂಧಗಳ ಹುಡುಕುತಾಣ ಪಬ್‌ಮೆಡ್ ಒಂದನ್ನೇ ನಂಬಿದರೆ ಸಿಗ್ನಲ್ ಪ್ರೊಸೆಸಿಂಗ್, ಸಾಧನ ವಿನ್ಯಾಸದವರ ಎಷ್ಟೋ ಕಾನ್ಫರೆನ್ಸ್ ಪ್ರಬಂಧಗಳು ತಪ್ಪಿಹೋಗುತ್ತವೆ. ಹಲವು ವಿಷಯಗಳ ಪ್ರಬಂಧಗಳಿರುವ ಸ್ಕೋಪಸ್‌ನಿಂದಲೂ ತೆಗೆದು, ಡಿಒಐ (ಪ್ರತಿ ಪ್ರಬಂಧದ ಗುರುತು) ಹೋಲಿಸಿ ನಕಲುಗಳನ್ನು ಅಳಿಸಿ. ಒಂದೇ ಇನಿಷಿಯಲ್, ಒಂದೇ ಉಪನಾಮದ ಇಬ್ಬರು ಒಬ್ಬರೇ ಆಗಿಬಿಡದಂತೆ ಪ್ರತಿ ಸಂಶೋಧಕರಿಗೂ ಬೇರೆಯಾಗಿರುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆಯಿಂದ ಬೇರ್ಪಡಿಸಿ.

ನಂತರದ ತೊಡಕು ಎಣಿಕೆಯದು. ಮೂವರು ಬರೆದ ಪ್ರಬಂಧದಿಂದ 3 ಜೋಡಿಗಳು ಹುಟ್ಟಿದರೆ, 30 ಜನರ ಕ್ಲಿನಿಕಲ್ ಪ್ರಬಂಧದಿಂದ 435. ಹಾಗೇ ಬಿಟ್ಟರೆ ಅಂಥ ಒಂದೇ ಪ್ರಬಂಧ ಇಡೀ ನಕ್ಷೆಯನ್ನು ನುಂಗುತ್ತದೆ. ಲೇಖಕರ ಸಂಖ್ಯೆಯಲ್ಲಿ ಒಂದು ಕಳೆದು, ಅದರಿಂದ 1ನ್ನು ಭಾಗಿಸಿ ಪ್ರತಿ ಜೋಡಿಗೆ ತೂಕ ಕೊಡಿ: ಇಬ್ಬರಿದ್ದರೆ 1, ಮೂವತ್ತು ಜನರಿದ್ದರೆ 1/29.

ಇಷ್ಟು ಮಾಡಿಯೂ, ಪ್ರಾಧ್ಯಾಪಕರನ್ನಷ್ಟೇ ಬಿಂದುಗಳಾಗಿ ಇಟ್ಟರೆ ಮುಖ್ಯವಾದದ್ದೇ ಕಾಣುವುದಿಲ್ಲ. ಮೂಳೆಗೆ ಬಳಸುವ ಸ್ಕ್ಯಾಫೋಲ್ಡ್ (ಹೊಸ ಅಂಗಾಂಶ ಬೆಳೆಯಲು ಆಸರೆಯಾಗುವ ರಂಧ್ರಭರಿತ ಚೌಕಟ್ಟು) ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಲ್ಯಾಬ್ ಮಾದರಿ ತಯಾರಿಸುತ್ತದೆ, ಇನ್ನೊಂದು ಅದನ್ನು ಒತ್ತಿ ನೋಡುವ ಕಂಪ್ರೆಷನ್ ಟೆಸ್ಟ್ ಮಾಡುತ್ತದೆ, ಮೈಕ್ರೋ-ಸಿಟಿ (ಸೂಕ್ಷ್ಮ ಎಕ್ಸ್-ರೇ ಸ್ಕ್ಯಾನ್) ಆಪರೇಟರ್ ರಂಧ್ರಗಳ ಪ್ರಮಾಣ ಅಳೆದು ಕೊಡುತ್ತಾರೆ. ಮಾದರಿಗಳನ್ನು ಹೊತ್ತು ಈ ಮೂರೂ ಕಡೆ ಓಡಾಡುವುದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ. ಆಪರೇಟರ್ ಹೆಸರಂತೂ ಎಷ್ಟೋ ಸಲ ಕೃತಜ್ಞತೆಯ ಸಾಲಿನಲ್ಲೇ ನಿಂತುಬಿಡುತ್ತದೆ; ನನ್ನ ಮಟ್ಟಿಗೆ ಇದು ಅನ್ಯಾಯ. ಆ ವಿದ್ಯಾರ್ಥಿನಿ ಪದವಿ ಮುಗಿಸಿ ಹೊರಟರೆ ಎರಡು ಲ್ಯಾಬ್‌ಗಳ ನಂಟೂ ಕಡಿಯುತ್ತದೆ. ಪ್ರಬಂಧ ಹೊರಬರುವುದು ತಡವಾದ್ದರಿಂದ ನಕ್ಷೆಯಲ್ಲಿ ಮಾತ್ರ ಗೆರೆ ಇನ್ನೂ ದಪ್ಪಗೇ ಇರುತ್ತದೆ.

ಹಾಗಾಗಿ ವಿದ್ಯಾರ್ಥಿಗಳು, ತಂತ್ರಜ್ಞರನ್ನೂ ಸೇರಿಸಿ. ಸಹ-ಮಾರ್ಗದರ್ಶಕರ ಪಟ್ಟಿ, ಉಪಕರಣಗಳ ಬುಕಿಂಗ್ ದಾಖಲೆ, ಎಥಿಕ್ಸ್ ಸಮಿತಿಯ ಅರ್ಜಿ, ಈ ಮೂರೂ ಪ್ರಬಂಧಕ್ಕಿಂತ ಮೊದಲೇ ಸಹಯೋಗದ ಸುಳಿವು ಕೊಡುತ್ತವೆ. ಆಮೇಲೆ ಒಬ್ಬೊಬ್ಬರನ್ನೇ ನಕ್ಷೆಯಿಂದ ತೆಗೆದು, ಯಾವ ಲ್ಯಾಬ್‌ಗಳ ನಡುವಿನ ದಾರಿ ಮುಚ್ಚಿತು ಎಂದು ನೋಡಿ.

ದಾರಿ ಮುಚ್ಚುವ ಕಡೆಯಲ್ಲೆಲ್ಲ ವಿಧಾನ ಬರಹದಲ್ಲಿರಬೇಕು: ಮಾದರಿಯ ಅಳತೆ, ಬಫರ್ ದ್ರಾವಣದಲ್ಲಿ ನೆನೆಸಿದ ಅವಧಿ, ಪ್ರೀಲೋಡ್ (ಪರೀಕ್ಷೆಗೆ ಮೊದಲು ಹೇರುವ ಚಿಕ್ಕ ಒತ್ತಡ), ಸ್ಟ್ರೇನ್ ರೇಟ್ (ಮಾದರಿಯ ಆಕಾರ ಬದಲಿಸುವ ವೇಗ), ವೋಕ್ಸೆಲ್ (ಸ್ಕ್ಯಾನ್ ಚಿತ್ರದ ಅತಿ ಚಿಕ್ಕ ಘನ) ಗಾತ್ರ, ಥ್ರೆಶೋಲ್ಡ್ (ಚಿತ್ರದಲ್ಲಿ ವಸ್ತು ಯಾವುದು, ರಂಧ್ರ ಯಾವುದು ಎಂದು ಬೇರ್ಪಡಿಸುವ ಮಿತಿ). ಮಾದರಿ ನೀರು ಹೀರುವ ಹೈಡ್ರೋಜೆಲ್ ಆಗಿದ್ದರೆ, ನೆನೆಸಿದ್ದರ ಬಿಗಿತ ಒಣಗಿದ್ದಕ್ಕಿಂತ ತೀರಾ ಕಡಿಮೆ. ಥ್ರೆಶೋಲ್ಡ್ ಸ್ವಲ್ಪ ಸರಿದರೂ ರಂಧ್ರಗಳ ಲೆಕ್ಕ ಬದಲಾಗುತ್ತದೆ. ಬರೆದಿಟ್ಟರಷ್ಟೇ ಸಾಲದು. ಹೊರಡುವವರು ಪಕ್ಕದಲ್ಲಿ ಕೂತು ನೋಡುತ್ತಿರುವಾಗಲೇ ಮುಂದಿನವರು ಮಾದರಿ ತಯಾರಿಯಿಂದ ಸ್ಕ್ಯಾನ್‌ವರೆಗೆ ಒಂದು ಸುತ್ತನ್ನು ತಾವೇ ಮಾಡಿ ಮುಗಿಸಬೇಕು.