ಹಿಂದಿನ ಸೀಟಿನಲ್ಲಿ ಕೂತು ಆರಿಸಿದ ಬೈಕು

ಮದುವೆಯಾದ ಈ ಹದಿನಾಲ್ಕು ವರ್ಷಗಳಲ್ಲಿ ನಾನು ಬೈಕಿನ ಮೇಲೆ ಕಂಡ ಊರುಗಳನ್ನೆಲ್ಲ ನಮ್ಮವರ ಹೆಲ್ಮೆಟ್ಟಿನ ಎಡಬದಿಯಿಂದ ಇಣುಕಿ ಕಂಡಿದ್ದೇನೆ. ಶಿವಮೊಗ್ಗದ ಮನೆಯಿಂದ ಹೆಬ್ರಿಯ ಹತ್ತಿರದ ನನ್ನ ತವರಿಗೆ ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಸುಮಾರು 120 ಕಿ.ಮೀ. ಇದೆ. ವರ್ಷಕ್ಕೆ ಐದಾರು ಬಾರಿ ಆ ದಾರಿಯಲ್ಲಿ ಹೋಗಿಬರುವ ನಮಗೆ ಮೊನ್ನೆ ಮೊನ್ನೆಯವರೆಗೆ ಇದ್ದದ್ದು 200 ಸಿ.ಸಿ.ಯ, ಮುಂದೊಂದು ಹಿಂದೊಂದು ಎಂದು ಎರಡು ತುಂಡಾದ ಸೀಟಿನ ಗಾಡಿ. ಅದರ ಹೆಸರು ಇಲ್ಲಿ ಬೇಡ. ಒಬ್ಬರೇ ಓಡಿಸುವವರಿಗೆ ಅದು ಒಳ್ಳೆಯ ಗಾಡಿಯೇ. ಆದರೆ ಹಿಂದಿನ ಸೀಟು ಮುಂದಿನದಕ್ಕಿಂತ ಒಂದು ಮೆಟ್ಟಿಲಿನಷ್ಟು ಎತ್ತರದಲ್ಲಿದ್ದು, ಮುಂದಕ್ಕೆ ಇಳಿಜಾರಾಗಿದ್ದು, ಫುಟ್‌ರೆಸ್ಟುಗಳು ಅಷ್ಟೇ ಮೇಲಕ್ಕೆ ಸಿಕ್ಕಿಸಿದ್ದರಿಂದ, ಮಂಡಗದ್ದೆ ತಲುಪುವ ಹೊತ್ತಿಗೆ ನನ್ನ ಮಂಡಿಗಳು ಹಿಡಿದುಕೊಳ್ಳುತ್ತಿದ್ದವು. ತೀರ್ಥಹಳ್ಳಿಯಲ್ಲಿ ಒಮ್ಮೆ, ಆಗುಂಬೆಯಲ್ಲಿ ಒಮ್ಮೆ ಇಳಿದು ನಡೆದಾಡದೆ ನಾನು ತವರು ಸೇರಿದ್ದೇ ಇಲ್ಲ.

ನಮ್ಮಪ್ಪನ ಹತ್ತಿರ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು. 1961ರಿಂದ 1996ರವರೆಗೆ ನಡೆದ ಆ ಕಾರ್ಖಾನೆಯ ಗಾಡಿಗಳಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿತ್ತೆನ್ನುವುದು ಎಲ್ಲರಿಗೂ ನೆನಪಿರುತ್ತದೆ. ನನಗೆ ನೆನಪಿರುವುದು ಮಂಚದ ಹಾಗೆ ಚಪ್ಪಟೆಯಾಗಿದ್ದ ಅದರ ಉದ್ದನೆಯ ಸೀಟು. ನಾನು ಟ್ಯಾಂಕಿನ ಮೇಲೆ, ನನ್ನ ತಮ್ಮನು ಅಪ್ಪ ಅಮ್ಮನ ನಡುವೆ. ಹೀಗೆ ನಾಲ್ವರು ಕಾರ್ಕಳಕ್ಕೆ ಹೋಗಿಬರುತ್ತಿದ್ದೆವು. ಕಾನೂನಿನ ದೃಷ್ಟಿಯಿಂದ ಅದು ತಪ್ಪು, ಈಗ ನೆನೆದರೆ ಭಯವೂ ಆಗುತ್ತದೆ. ಆದರೆ ಅಮ್ಮ ಒಂದು ದಿನವೂ ಮಂಡಿ ನೋವೆಂದದ್ದು ನಾನು ಕೇಳಿಲ್ಲ.

ಹೊಸ ಗಾಡಿ ಬೇಕೆಂದು ನಾನು ಎರಡು ವರ್ಷ ಹೇಳಿದರೂ ನಮ್ಮವರಿಗೆ ಅದು ಅಗತ್ಯವೆಂದು ತೋರಿರಲಿಲ್ಲ. ಕಡೆಗೆ ಕಳೆದ ಶ್ರಾವಣದಲ್ಲಿ ನನ್ನ ತಮ್ಮ ಬಂದಿದ್ದಾಗ, "ಭಾವ, ಇವತ್ತು ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ" ಎಂದು ಅವರನ್ನು ಕೂರಿಸಿಕೊಂಡು ಗಾಜನೂರು ಅಣೆಕಟ್ಟಿನವರೆಗೆ ಹೋಗಿಬಂದ. ದೂರವೇನೂ ಹೆಚ್ಚಿಲ್ಲ, ನಡುವೆ ಹಂಪುಗಳು ಮಾತ್ರ ಧಾರಾಳವಾಗಿವೆ. ಮನೆಯ ಮುಂದೆ ಇಳಿದವರು ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ಗೇಟಿನ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಅಂದು ರಾತ್ರಿಯೇ ಯಾವ ಗಾಡಿ ತೆಗೆದುಕೊಳ್ಳುವುದೆಂಬ ಚರ್ಚೆ ಆರಂಭವಾಯಿತು.

ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಅಳತೆಯಿಲ್ಲದೆ ಮಾತಾಡುವುದು ಒಗ್ಗುವುದಿಲ್ಲ. ಬೈಕಿನ ವಿಮರ್ಶೆಗಳಲ್ಲಿ ಹಿಂದೆ ಕೂರುವವರ ವಿಷಯಕ್ಕೆ ಸಿಗುವುದು ಕೊನೆಯ ಒಂದು ಸಾಲು ಮಾತ್ರವಾದ್ದರಿಂದ ಅಳತೆಗಳನ್ನು ನಾನೇ ತೆಗೆದುಕೊಳ್ಳಬೇಕಾಯಿತು. ಮೊದಲನೆಯದು ಹಿಂದಿನ ಸೀಟಿನಿಂದ ಹಿಂದಿನ ಫುಟ್‌ರೆಸ್ಟಿನವರೆಗಿನ ಅಂತರ. ಹಳೆಯ ಗಾಡಿಯಲ್ಲಿ ಅದು ನನ್ನ ಕೈಯಲ್ಲಿ ಒಂದೂವರೆ ಗೇಣು. ಎರಡು ಗೇಣಿಗಿಂತ ಕಡಿಮೆಯಿದ್ದ ಯಾವ ಗಾಡಿಯನ್ನೂ ನಾನು ಮುಂದಕ್ಕೆ ಪರಿಶೀಲಿಸಲೇ ಇಲ್ಲ. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ದೇಹದ ಭಾರವನ್ನು ತೊಡೆಗಳು ಹಂಚಿಕೊಳ್ಳುವುದಿಲ್ಲ, ಅದೆಲ್ಲ ಬೆನ್ನುಮೂಳೆಯ ತುದಿಯ ಮೇಲೆ ಬೀಳುತ್ತದೆ. ಸೀಟಿನ ಮೆತ್ತೆಯ ಬಗ್ಗೆ ಒಂದು ಎಚ್ಚರಿಕೆ: ಷೋರೂಮಿನಲ್ಲಿ ಹೂವಿನಂತೆ ಮೆತ್ತಗಿರುವ ಸೀಟು ಒಂದು ಗಂಟೆಯ ನಂತರ ಕುಸಿದು ಕೆಳಗಿನ ತಳ ತಾಗಬಹುದು. ಸ್ವಲ್ಪ ಬಿಗಿಯಾಗಿದ್ದು ಅಗಲವಾಗಿರುವುದೇ ಒಳ್ಳೆಯದೆಂದು ನನ್ನ ಅನುಭವ.

ಇನ್ನೊಂದು ವಿಷಯ ನಮಗೆ ಬಿದ್ದ ಮೇಲೆ ತಿಳಿದದ್ದು. ಇಬ್ಬರು ಹೋಗುವ ಗಾಡಿ ಓಡುವಾಗಲೇ ಬೀಳಬೇಕೆಂದಿಲ್ಲ, ನಿಂತಲ್ಲೇ ಬೀಳಬಹುದು. ಶೃಂಗೇರಿಯಲ್ಲಿ ಸ್ವಲ್ಪ ಇಳಿಜಾರಿದ್ದ ಜಾಗದಲ್ಲಿ ನಾನು ಎಡಗಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು ಹತ್ತುತ್ತಿದ್ದಾಗ, ತುದಿಗಾಲಿನಲ್ಲಿ ನಿಂತಿದ್ದ ನಮ್ಮವರಿಗೆ ಆ ಭಾರ ತಡೆಯಲಾಗದೆ ಮೂವರೂ, ಅಂದರೆ ನಾವಿಬ್ಬರೂ ಗಾಡಿಯೂ, ನಿಧಾನವಾಗಿ ಎಡಕ್ಕೆ ಮಲಗಿದೆವು. ಪೆಟ್ಟಾಗಲಿಲ್ಲ, ಅವಮಾನವಾಯಿತು. ಆದ್ದರಿಂದ ಸೀಟಿನ ಎತ್ತರವನ್ನು ನೋಡುವಾಗ ಓಡಿಸುವವರ ಎರಡು ಪಾದಗಳೂ ಪೂರ್ತಿಯಾಗಿ ನೆಲಕ್ಕೆ ತಾಗುತ್ತವೆಯೇ ಎಂಬುದನ್ನು ಹಿಂದೆ ಒಬ್ಬರು ಹತ್ತುತ್ತಿರುವಾಗಲೇ ಪರೀಕ್ಷಿಸಬೇಕು. ಐದಡಿ ಐದಂಗುಲದ ನಮ್ಮವರಿಗೆ ಈ ಒಂದು ಲೆಕ್ಕವೇ ಅರ್ಧ ಪಟ್ಟಿಯನ್ನು ಅಳಿಸಿತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ ಸೀಟು 825 ಮಿ.ಮೀ. ಎತ್ತರ, ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್‌ನದು 835, ಹೋಂಡಾ ಹೈನೆಸ್ ಸಿಬಿ350ಯದು 800, ರಾಯಲ್ ಎನ್‌ಫೀಲ್ಡಿನದೇ ಆದ ಮೀಟಿಯರ್ 350ಯದು 765. ಸೂಪರ್ ಮೀಟಿಯರ್ 650 ಇನ್ನೂ ತಗ್ಗು, 740. ಆದರೆ ಅದರ ತೂಕ 241 ಕೆ.ಜಿ. ನಮ್ಮ ಮನೆಯ ಗೇಟಿನೊಳಗೆ ಅದನ್ನು ಹಿಂದಕ್ಕೆ ತಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಎಂಜಿನ್ ವಿಷಯದಲ್ಲಿ ನಮ್ಮವರ ಒಲವು ಅಶ್ವಶಕ್ತಿಯ ಕಡೆಗೆ, ನನ್ನದು ಟಾರ್ಕಿನ, ಅಂದರೆ ಎಂಜಿನ್ನಿನ ತಿರುಗಿಸುವ ಬಲದ ಕಡೆಗೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳಿರುವ ಆಗುಂಬೆ ಘಾಟಿಯನ್ನು ಸೋಮೇಶ್ವರದಿಂದ ಹತ್ತುವಾಗ ಪ್ರತಿ ತಿರುವಿನಲ್ಲೂ ಗಾಡಿ ಬಹುತೇಕ ನಿಂತೇ ಹೋಗಿ ಮತ್ತೆ ಎಳೆಯಬೇಕಾಗುತ್ತದೆ. ಅಲ್ಲಿ ಬೇಕಾದದ್ದು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಸಿಗುವ ಎಳೆತ. ವಿ-ಸ್ಟ್ರೋಮ್ ಎಸ್‌ಎಕ್ಸ್‌ನ 249 ಸಿ.ಸಿ. ಎಂಜಿನ್‌ಗೆ ಸುಮಾರು 26 ಅಶ್ವಶಕ್ತಿ, ಮೀಟಿಯರ್‌ನ 349 ಸಿ.ಸಿ. ಎಂಜಿನ್‌ಗೆ ಸುಮಾರು 20 ಮಾತ್ರ. ಆದರೆ ಮೊದಲನೆಯದರ ಗರಿಷ್ಠ ಟಾರ್ಕ್ 22.2 ನ್ಯೂಟನ್ ಮೀಟರ್ ಬರುವುದು ನಿಮಿಷಕ್ಕೆ 7,300 ಸುತ್ತುಗಳಲ್ಲಿ. ಎರಡನೆಯದರ 27 ನ್ಯೂಟನ್ ಮೀಟರ್ 4,000 ಸುತ್ತುಗಳಲ್ಲೇ ಸಿಗುತ್ತದೆ. ಹೈನೆಸ್ ಇನ್ನೂ ಮುಂದೆ ಹೋಗಿ 3,000 ಸುತ್ತುಗಳಲ್ಲೇ 30 ಕೊಡುತ್ತದೆ. ಒಬ್ಬರೇ ಓಡಿಸುವಾಗ ಈ ವ್ಯತ್ಯಾಸ ಗೇರು ಬದಲಿಸುವುದರಲ್ಲಿ ಮರೆಯಾಗಿಬಿಡುತ್ತದೆ. ಹಿಂದೆ ಕೂತವರಿಗೆ ಮಾತ್ರ ಪ್ರತಿಯೊಂದು ಗೇರಿನ ಬದಲಾವಣೆಯೂ ಕುತ್ತಿಗೆಗೆ ಬೀಳುವ ಒಂದು ಎಳೆತ, ಮುಂದಿನವರ ಹೆಲ್ಮೆಟ್ಟಿಗೆ ನಮ್ಮದು ಬಡಿಯುವ ಒಂದು 'ಟಕ್'. ಅದೇ ಘಾಟಿಯನ್ನು ಇಳಿಯುವಾಗ ಪರೀಕ್ಷೆ ಸೀಟಿನದು. ಸೀಟು ಮುಂದಕ್ಕೆ ವಾಲಿದ್ದರೆ ಪ್ರತಿ ಬ್ರೇಕಿಗೂ ನಾನು ಅವರ ಬೆನ್ನ ಮೇಲೆ ಜಾರುತ್ತೇನೆ, ಆ ಭಾರವನ್ನು ಅವರ ಮಣಿಕಟ್ಟುಗಳು ಹೊರುತ್ತವೆ.

ಇನ್ನು ಸಸ್ಪೆನ್ಷನ್, ಅಂದರೆ ರಸ್ತೆಯ ಕುಲುಕಾಟವನ್ನು ತಡೆಯುವ ಸ್ಪ್ರಿಂಗುಗಳ ವ್ಯವಸ್ಥೆ. ಹಿಂದೆ ಕೂತವರ ಭಾರ ಹೆಚ್ಚುಕಡಿಮೆ ಹಿಂದಿನ ಚಕ್ರದ ಅಚ್ಚಿನ ಮೇಲೆಯೇ ಬೀಳುವುದರಿಂದ, ನಾನು ಹತ್ತಿದ ಕೂಡಲೇ ಗಾಡಿಯ ಹಿಂಭಾಗ ತಗ್ಗಿ ಮುಂಭಾಗ ಹಗುರಾಗುತ್ತದೆ. ಹೆಡ್‌ಲೈಟ್ ರಸ್ತೆಯನ್ನು ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ, ಮತ್ತು ಸ್ಪ್ರಿಂಗು ಈಗಾಗಲೇ ಅರ್ಧ ಕುಗ್ಗಿರುವುದರಿಂದ ಮುಂದಿನ ಹಂಪಿನಲ್ಲಿ ತಳ ಮುಟ್ಟುತ್ತದೆ. ಇದಕ್ಕಾಗಿಯೇ ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಒಂದು ಬಳೆಯನ್ನು ಕೊಟ್ಟಿರುತ್ತಾರೆ. ಮೀಟಿಯರ್‌ನಲ್ಲಿ ಅಂಥ ಆರು ಮೆಟ್ಟಿಲುಗಳಿವೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆಂದು ಮೆಕ್ಯಾನಿಕ್‌ಗಳೂ ಹೇಳುತ್ತಾರೆ, ಆದರೆ ಅದು ಸರಿಯಲ್ಲ. ಸ್ಪ್ರಿಂಗಿನ ಗಟ್ಟಿತನ ಅದರ ತಂತಿಯಲ್ಲಿದೆ, ಬಳೆಯಲ್ಲಿಲ್ಲ; ಬಳೆ ಮಾಡುವುದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಟ್ಟು, ನಮ್ಮಿಬ್ಬರ ಭಾರಕ್ಕೆ ಗಾಡಿ ತಗ್ಗುವುದನ್ನು ಕಡಿಮೆ ಮಾಡುವ ಕೆಲಸವನ್ನು. ನಮ್ಮ ಹಳೆಯ ಗಾಡಿಯಲ್ಲೂ ಈ ಸೌಲಭ್ಯವಿತ್ತು. ಏಳು ವರ್ಷ ಅದು ಕಾರ್ಖಾನೆಯಿಂದ ಬಂದ ಮೆಟ್ಟಿಲಿನಲ್ಲೇ ಇತ್ತೆಂಬುದು ಮಾರುವ ಹಿಂದಿನ ವಾರ ಗೊತ್ತಾಯಿತು. ನನ್ನ ಕೋಪವನ್ನು ಇಲ್ಲಿ ವಿವರಿಸುವುದಿಲ್ಲ. ಟೈರಿನ ಗಾಳಿಯ ಕಥೆಯೂ ಅಷ್ಟೇ: ಇಬ್ಬರು ಹೋಗುವಾಗ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ ಇರಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ.

ಸಾಮಾನಿನ ವಿಷಯ ಎರಡೇ ಮಾತು. ಹಿಂದಿನ ಪೆಟ್ಟಿಗೆ ಅಚ್ಚಿಗಿಂತ ಹಿಂದೆ ಇರುವುದರಿಂದ ಅದರಲ್ಲಿ ಭಾರದ ವಸ್ತು ಬೇಡ. ತವರಿನಿಂದ ತರುವ ತೆಂಗಿನಕಾಯಿ ಟ್ಯಾಂಕಿನ ಮೇಲಿನ ಚೀಲಕ್ಕೆ, ಬಟ್ಟೆ ಹಿಂದಕ್ಕೆ. ಬದಿಯ ಚೀಲಗಳ ಚೌಕಟ್ಟು ಹಾಕಿಸುವಾಗ ಅಂಗಡಿಯವರು ಸೀರೆ ಗಾರ್ಡ್ ಕಿತ್ತು ಕೈಗೆ ಕೊಡುತ್ತಾರೆ, ಅದಕ್ಕೆ ಒಪ್ಪಬಾರದು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ, ಹಿಡಿದುಕೊಳ್ಳಲು ಹಿಡಿ ಮತ್ತು ಕಾಲಿಡಲು ಜಾಗ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮವೇ ಹೇಳುತ್ತದೆ. ಚೂಡಿದಾರದ ದುಪ್ಪಟ್ಟಕ್ಕೂ ಸೀರೆಯ ಸೆರಗಿಗೂ ಚಕ್ರ ಭೇದ ಮಾಡುವುದಿಲ್ಲ.

ಷೋರೂಮುಗಳಲ್ಲಿ ನಡೆದದ್ದು ಊಹಿಸಬಹುದಾದದ್ದೇ. ಒಂದು ಕಡೆ ಅಳತೆ ಟೇಪು ಹಿಡಿದು ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರಗಳೆಲ್ಲ ಹೋಗುತ್ತಿದ್ದದ್ದು ನಮ್ಮವರಿಗೆ. ಇನ್ನೊಂದು ಕಡೆ ಟೆಸ್ಟ್ ರೈಡಿಗೆ ಇಬ್ಬರನ್ನು ಬಿಡುವುದಿಲ್ಲವೆಂದರು. ಹಾಗಾದರೆ ಇಬ್ಬರಿಗಾಗಿ ಗಾಡಿ ಹೇಗೆ ಕೊಳ್ಳುವುದೆಂದು ಕೇಳಿದಾಗ ಆ ಹುಡುಗ ನಕ್ಕ, ನಾವು ಹೊರಟುಬಂದೆವು. ಕೊನೆಗೆ ಒಂದು ಕಡೆ ಅರ್ಧ ಗಂಟೆ ಇಬ್ಬರನ್ನೂ ಕಳಿಸಿದರು.

ಹಂಪು, ಗುಂಡಿಗಳ ಮಟ್ಟಿಗೆ ಹಿಮಾಲಯನ್ 450ಯೇ ಮೇಲು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅದರ ಎರಡೂ ಚಕ್ರಗಳು 200 ಮಿ.ಮೀ. ಏರಿಳಿಯಬಲ್ಲವು, ತಗ್ಗು ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಓಡಿಸುವ ಮೀಟಿಯರ್‌ನಂಥ ಕ್ರೂಸರ್‌ಗಳಿಗೆ ಆ ಭಾಗ್ಯವಿಲ್ಲ. ಆದರೆ ಶೃಂಗೇರಿಯ ನೆನಪು ಒಂದು ಕಡೆ, ತೆರಿಗೆ ಇನ್ನೊಂದು ಕಡೆ. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಅದಕ್ಕಿಂತ ದೊಡ್ಡವುಗಳಿಗೆ ಶೇ. 40 ಆಗಿತ್ತು. ಹೈನೆಸ್ ಮತ್ತು ಮೀಟಿಯರ್ ಕೊನೆಗೆ ಉಳಿದವು. ಹೈನೆಸ್‌ನ ಎಂಜಿನ್ ನನಗೆ ಹೆಚ್ಚು ಹಿಡಿಸಿತ್ತು, 181 ಕೆ.ಜಿ. ತೂಕದ ಅದು ಹತ್ತು ಕೆ.ಜಿ. ಹಗುರವೂ ಹೌದು. ತೀರ್ಮಾನಿಸಿದ್ದು ಆ 35 ಮಿ.ಮೀ. ತಗ್ಗು ಸೀಟು ಮತ್ತು ಮೀಟಿಯರ್‌ನ ಕೆಲವು ಮಾದರಿಗಳಲ್ಲಿ ಕಂಪನಿಯೇ ಕೊಡುವ ಬ್ಯಾಕ್‌ರೆಸ್ಟ್. ಬೆನ್ನಿಗೆ ಒಂದು ಆಸರೆಯಿದ್ದರೆ ಗಾಡಿ ಹೊರಡುವಾಗ ಹಿಂದಕ್ಕೆ ಬೀಳುವೆನೆಂಬ ಅಂಜಿಕೆ ಹೋಗುತ್ತದೆ, ಕೈಗಳು ಬಿಡುವಾಗುತ್ತವೆ.

ಡಿಸೆಂಬರಿನಲ್ಲಿ ಹೆಬ್ರಿಗೆ ಹೋದೆವು. ಹಂಪು ಕಂಡಾಗ ಅವರು ಎಡಗೈಯಿಂದ ನನ್ನ ಮಂಡಿಯನ್ನು ಒಮ್ಮೆ ತಟ್ಟುತ್ತಾರೆ, ನಾನು ಫುಟ್‌ರೆಸ್ಟಿನ ಮೇಲೆ ಭಾರ ಬಿಟ್ಟು ಸ್ವಲ್ಪ ಏಳುತ್ತೇನೆ. ನಿಲ್ಲಿಸಬೇಕಾದರೆ ನಾನು ಅವರ ಭುಜವನ್ನು ಎರಡು ಸಲ ತಟ್ಟಬೇಕು. ತೀರ್ಥಹಳ್ಳಿಯವರೆಗೆ ನಾನು ತಟ್ಟಲಿಲ್ಲ. ಅಲ್ಲಿ ಕಾಫಿಗೆಂದು ಅವರೇ ನಿಲ್ಲಿಸಿದರು, ಮುಂದಕ್ಕೆ ಚಾಚಿದ ಕಾಲುಗಳಿಂದ ತಮಗೇ ಸೊಂಟ ಹಿಡಿದಂತಾಗಿದೆ ಎಂದರು. ನನಗೆ ಪಾಪವೆನ್ನಿಸಿತು, ಆದರೂ ಬಹಳ ಅಲ್ಲ.

ನಾಳೆ ಅವರು ಒಬ್ಬರೇ ಭದ್ರಾವತಿಗೆ ಹೋಗಬೇಕಂತೆ. ಬಳೆಯನ್ನು ನಾಲ್ಕನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಸಬೇಕು. ಸ್ಪ್ಯಾನರ್ ನನ್ನ ಕಾಲೇಜಿನ ಚೀಲದಲ್ಲೇ ಉಳಿದಿದೆ.