ಅಂಗೈ ಮೇಲಿನ ವಂಕಿ

ಗರ್ಭಪಾತ ಮಾಡಿಸಿಕೊಂಡ ಗೆಳತಿಯ ಪಕ್ಕದಲ್ಲಿ ಇಂದು ಕುಳಿತಿದ್ದೆ. ದಾದಿಯೊಬ್ಬರು ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ, ಕಿರುಬೆರಳಿಗಿಂತಲೂ ಚಿಕ್ಕದಾದ ವಂಕಿ ಕಾಪರ್-ಟಿಯನ್ನು ಅವಳ ಅಂಗೈ ಮೇಲಿಟ್ಟು, ಇದು 10 ವರ್ಷ ಕೆಲಸ ಮಾಡುತ್ತದೆ, ಬೇಡವೆನಿಸಿದ ದಿನ ತೆಗೆಸಬಹುದು ಎಂದರು. ಅವಳು ಅದರ ತುದಿಯ ದಾರವನ್ನು ಬಹಳ ಹೊತ್ತು ಸವರುತ್ತಿದ್ದು, "ಇನ್ನೊಮ್ಮೆ ಹೀಗಾಗಬಾರದು, ನಿಜ; ಆದರೆ ಈಗ ನನ್ನ ಮೈಯೊಳಗೆ ಬೇರೇನೂ ಬೇಡ" ಎಂದಳು.

ಈ ಎರಡು ಮಾತುಗಳಲ್ಲಿ ವಿರೋಧವಿದೆ ಎಂದು ನನಗೆ ಅನಿಸಲಿಲ್ಲ. ಗರ್ಭಪಾತವಾದ ಎರಡು ವಾರದೊಳಗೇ ಅಂಡಾಣು ಬಿಡುಗಡೆಯಾಗಿ ಮತ್ತೆ ಗರ್ಭ ನಿಲ್ಲುವ ಸಂಭವವಿರುವುದರಿಂದ ಅಂದೇ ಈ ವಿಷಯ ಎತ್ತುವುದು ಸರಿ. ವಂಕಿಯಾಗಲಿ, ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಆಗಲಿ, ದಿನವೂ ನೆನಪಿಡಬೇಕಾದ ಮಾತ್ರೆಗಿಂತ ಹೆಚ್ಚು ಭರವಸೆಯದ್ದು ಎಂಬುದೂ ಸರಿ. ಆದರೆ ನೋವು ಆರದ ಹೊತ್ತಿನಲ್ಲಿ ಹೇಳುವ ಸಲಹೆ ಎಷ್ಟೋ ಹೆಣ್ಣುಮಕ್ಕಳಿಗೆ ಗದರಿಕೆಯಂತೆ ಕೇಳಿಸುತ್ತದೆ. ಮುಂದೆ ಮಕ್ಕಳಾಗದೇನೋ ಎಂಬ ಭಯವೂ ಜೊತೆಗಿರುತ್ತದೆ. ವಂಕಿ ತೆಗೆಸಿದರೆ ಫಲವತ್ತತೆ ಬೇಗನೆ ಮರಳುತ್ತದೆ ಎಂಬುದನ್ನೂ, ಕಾಪರ್-ಟಿಯಿಂದ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ, ಹೊಟ್ಟೆನೋವು ಹೆಚ್ಚಬಹುದು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರೆ ಮಾತ್ರ ನಂಬಿಕೆ ಹುಟ್ಟೀತು.

ದಾದಿ ಒತ್ತಾಯಿಸಲಿಲ್ಲ. ಅವಳು ನಿರ್ಧರಿಸುವವರೆಗೆ ಕಾಂಡೋಮ್ ಬಳಸಲು ತಿಳಿಸಿ, "ಯಾವಾಗ ಬೇಕಾದರೂ ಬನ್ನಮ್ಮ" ಎಂದರು. ಗೆಳತಿ ಹೊರಡುವಾಗ, ಇಂಪ್ಲಾಂಟ್ ಎಷ್ಟು ವರ್ಷ ಇರುತ್ತದೆ ಎಂದು ತಾನಾಗಿಯೇ ಕೇಳಿದಳು.