ಪಿಪಿಒ (ಪಿಂಚಣಿ ಪಾವತಿ ಆದೇಶ) ಎಲ್ಲಿದೆ ಅಂತ ಮನೆಯಲ್ಲಿ ಹೇಳಿದ್ದೀರಾ?

ಹಾಸನ, ನವೆಂಬರ್ 12, 2024, ಮಂಗಳವಾರ

ನವೆಂಬರ್ ತಿಂಗಳು ಅಂದರೆ ಜೀವಿತ ಪ್ರಮಾಣ ಪತ್ರದ ತಿಂಗಳು, ಪಿಂಚಣಿದಾರರು ತಾವು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಬೆಳಿಗ್ಗೆಯಿಂದಲೇ ಫೋನ್ ಶುರುವಾಗುತ್ತದೆ. ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನು ನಾನು. ಎಫ್‌ಐಆರ್, ಕೇಸ್ ಡೈರಿ, ಬಂದೋಬಸ್ತ್ ಪಟ್ಟಿ ಅಂತ ಬರೆದು ರೂಢಿಯಾದ ಕೈ. ಈಗ ನಮ್ಮ ನಿವೃತ್ತ ಪೊಲೀಸರಿಗೆ, ಅವರ ಮನೆಯವರಿಗೆ ಅರ್ಜಿ ಬರೆದುಕೊಡುತ್ತೇನೆ. ಹತ್ತಿರದವರು ಮನೆಗೇ ಬರುತ್ತಾರೆ, ನಡೆಯಲು ಆಗದವರ ಮನೆಗೆ ನಾನೇ ಹೋಗುತ್ತೇನೆ.

ವಯಸ್ಸಾದವರ ಬೆರಳಚ್ಚು ಯಂತ್ರದಲ್ಲಿ ಸರಿಯಾಗಿ ಬೀಳುವುದಿಲ್ಲ. ಮೊದಲು ಇದೊಂದು ದೊಡ್ಡ ತಲೆನೋವಾಗಿತ್ತು. ಈಗ ಜೀವನ್ ಪ್ರಮಾಣ್ ಆಪ್‌ನಲ್ಲಿ ಮುಖ ತೋರಿಸಿದರೆ ಸಾಕು. ಕಿಟಕಿ ಪಕ್ಕ ಬೆಳಕಿನಲ್ಲಿ ಕೂರಿಸಿ, ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಿ ಅಂತ ಹೇಳಿದರೆ ಮುಗಿಯಿತು. ಮಂಚದ ಮೇಲೆ ಮಲಗಿದವರಿಗೂ ಮಾಡಿಸಬಹುದು. ಇದೊಂದು ನಿಜವಾಗಿ ಒಳ್ಳೆಯ ಕೆಲಸ ಆಗಿದೆ.

ಮಧ್ಯಾಹ್ನ ಡಿಎಆರ್‌ನಲ್ಲಿ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ದಫೇದಾರರಾಗಿದ್ದ, ಅಂದರೆ ಹೆಡ್ ಕಾನ್‌ಸ್ಟೆಬಲ್ ಆಗಿದ್ದ ಒಬ್ಬರ ಮನೆಗೆ ಹೋಗಿದ್ದೆ. ಅವರು ತೀರಿಕೊಂಡು ಕೆಲವು ತಿಂಗಳಾಗಿದೆ. ಹೆಂಡತಿ ಒಬ್ಬರೇ ಇದ್ದಾರೆ. ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ. ಕುಟುಂಬ ಪಿಂಚಣಿ ಇನ್ನೂ ಶುರುವಾಗಿಲ್ಲ. ಯಾಕಮ್ಮಾ ಅಂದರೆ, "ಕಾಗದ ಪತ್ರ ಎಲ್ಲ ಅವರೇ ನೋಡ್ತಿದ್ರು, ನಂಗೇನೂ ಗೊತ್ತಿಲ್ಲ" ಅಂದರು.

ಅಟ್ಟದಿಂದ ಟ್ರಂಕು ಇಳಿಸಿದೆವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರ್. ಒಳಗೆ ಮಡಿಸಿಟ್ಟ ಒಂದು ಜೊತೆ ಖಾಕಿ, ಬೆಲ್ಟು, ದಾರ ಸುತ್ತಿದ ಸೀಟಿ. ತಳದಲ್ಲಿ ಗೊಬ್ಬರದ ಚೀಲದ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟ ಕಟ್ಟು. ಬಿಚ್ಚಿದರೆ ಪಿಪಿಒ, ಅದರಲ್ಲಿ ಗಂಡ ಹೆಂಡತಿ ಜೊತೆಯಲ್ಲಿ ತೆಗೆಸಿದ ಫೋಟೊ. ಆಯಮ್ಮ ಫೋಟೊದ ಮೇಲೆ ಸೆರಗಿನಿಂದ ಒರೆಸಿ, "ಇದಕ್ಕಂತಲೇ ಸ್ಟುಡಿಯೋಗೆ ಕರ್ಕೊಂಡು ಹೋಗಿದ್ರು, ಯಾಕೆ ಅಂತ ಹೇಳಿರ್ಲಿಲ್ಲ" ಅಂದರು.

ಆ ಫೋಟೊ ತೆಗೆಸಿದ್ದೇ ಇಂಥ ದಿನಕ್ಕಾಗಿ. ಪಿಪಿಒದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಸರಿಯಾಗಿ ಇದ್ದರೆ ಗಂಡ ಹೋದ ಮೇಲೆ ಜಾಸ್ತಿ ಓಡಾಟ ಇರುವುದಿಲ್ಲ. ಮರಣ ಪತ್ರ, ಪಿಪಿಒ, ಆಧಾರ್, ಪಾಸ್‌ಬುಕ್ ಜೊತೆಗೆ ಅರ್ಜಿ ಕೊಟ್ಟರೆ ಕುಟುಂಬ ಪಿಂಚಣಿ ಶುರುವಾಗುತ್ತದೆ. ಆದರೆ ಇವರ ಪಿಪಿಒದಲ್ಲಿರುವುದು ತವರಿನ ಹೆಸರು, ಆಧಾರ್‌ನಲ್ಲಿರುವುದು ಮದುವೆಯಲ್ಲಿ ಅತ್ತೆ ಮನೆಯವರು ಇಟ್ಟ ಹೆಸರು. ನಮ್ಮ ಕಡೆ ಇದು ಎಷ್ಟೋ ಮನೆಗಳಲ್ಲಿ ಇದೆ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕು. ಬ್ಯಾಂಕಿನವರು ಅದನ್ನು ಒಪ್ಪದಿದ್ದರೆ ಎಸ್‌ಪಿ ಕಚೇರಿ ಮೂಲಕ ಬೆಂಗಳೂರಿನ ಎಜಿ (ಅಕೌಂಟೆಂಟ್ ಜನರಲ್) ಕಚೇರಿಗೆ ಬರೆದು ತಿದ್ದುಪಡಿ ಮಾಡಿಸಬೇಕು. ಗಂಡ ಬದುಕಿದ್ದಾಗ ಒಂದು ಸಹಿಯಲ್ಲಿ ಹೋಗುವ ಕೆಲಸ ಇದು.

ಇನ್ನೊಂದು ತೊಂದರೆಯೂ ಇತ್ತು. ದಫೇದಾರರು ಹೋದ ಸುದ್ದಿಯನ್ನು ಬ್ಯಾಂಕಿಗೆ ಯಾರೂ ಹೇಳಿಲ್ಲ. ಅವರ ಪಿಂಚಣಿ ಖಾತೆಗೆ ಬೀಳುತ್ತಲೇ ಇದೆ, ಮಗ ಎಟಿಎಂನಲ್ಲಿ ತೆಗೆದು ಅಮ್ಮನಿಗೆ ಕೊಟ್ಟಿದ್ದಾನೆ. ಅದರಲ್ಲಿ ಕೆಟ್ಟ ಉದ್ದೇಶ ಇಲ್ಲ, ಗೊತ್ತಿಲ್ಲ ಅಷ್ಟೇ. ಆದರೆ ಹೆಚ್ಚಿಗೆ ಬಂದದ್ದನ್ನು ವಾಪಸ್ ಕಟ್ಟಲೇಬೇಕು. ಅವರಿಗೆ ಬರಬೇಕಾದ ಕುಟುಂಬ ಪಿಂಚಣಿ ಬಾಕಿಯಲ್ಲಿ ಮುರಿದುಕೊಳ್ಳಿ ಅಂತ ಅರ್ಜಿಯಲ್ಲಿ ಸೇರಿಸಿದ್ದೇನೆ. ಸಾಮಾನ್ಯವಾಗಿ ಕುಟುಂಬ ಪಿಂಚಣಿ ಕೊನೆಯ ಮೂಲ ವೇತನದ ಶೇ. 30. ರಾಜ್ಯದ ಏಳನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ, ಕನಿಷ್ಠ ಮೊತ್ತ 8,500ರಿಂದ 13,500 ಆಗಿದೆ. ಆಯಮ್ಮನ ಕೈಗೆ ಅದು ಬಂದರೆ ಮಗನ ಮುಂದೆ ಕೈ ಚಾಚುವುದು ತಪ್ಪುತ್ತದೆ.

ಪೊಲೀಸರ ಮನೆಗಳಲ್ಲಿ ಈ ಕಷ್ಟ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಗಣಪತಿ ಬಂದೋಬಸ್ತ್, ಚುನಾವಣೆ, ಜಾತ್ರೆ, ರಾತ್ರಿ ಗಸ್ತು ಅಂತ ನಾವು ಮನೆಯಲ್ಲಿ ಇದ್ದದ್ದೇ ಕಡಿಮೆ. ಡ್ಯೂಟಿಯ ವಿಷಯ ಮನೆಗೆ ತರಬಾರದು ಅಂತ ಅಭ್ಯಾಸ ಮಾಡಿಕೊಂಡೆವು. ಅದೇ ಅಭ್ಯಾಸದಲ್ಲಿ ಸಂಬಳ, ಪಿಂಚಣಿ, ನಾಮಿನಿ, ಯಾವುದನ್ನೂ ಹೆಂಡತಿಗೆ ಹೇಳಲಿಲ್ಲ. ಕ್ವಾರ್ಟರ್ಸ್‌ನಲ್ಲಿ ಒಬ್ಬರೇ ಮಕ್ಕಳನ್ನು ಬೆಳೆಸಿದ ಹೆಣ್ಣುಮಕ್ಕಳು ಇವರು. ಕೊನೆಗಾಲದಲ್ಲಿ ಕೌಂಟರ್ ಮುಂದೆ ಏನು ಕೇಳಬೇಕು ಅಂತಲೂ ಗೊತ್ತಿಲ್ಲದೆ ನಿಲ್ಲುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಂಜೆ ಕಳೆದ ವರ್ಷ ನಿವೃತ್ತರಾದ ಎಎಸ್‌ಐ ಒಬ್ಬರು ಬಂದಿದ್ದರು. 2022ರ ಜುಲೈ 1ರಿಂದ 2024ರ ಜುಲೈ 31ರ ಒಳಗೆ ನಿವೃತ್ತರಾದವರದ್ದು ಬೇರೆಯೇ ನೋವು. ಪಿಂಚಣಿ ಏಳನೇ ವೇತನ ಆಯೋಗದ ಹೊಸ ಲೆಕ್ಕಕ್ಕೆ ಬಂತು. ಆದರೆ ಡಿಸಿಆರ್‌ಜಿ (ನಿವೃತ್ತಿ ಉಪದಾನ), ಕಮ್ಯುಟೇಷನ್ (ಪಿಂಚಣಿಯ ಒಂದು ಪಾಲನ್ನು ಮೊದಲೇ ಒಟ್ಟಿಗೆ ಪಡೆಯುವ ಹಣ), ಗಳಿಕೆ ರಜೆಯ ಹಣ ಎಲ್ಲ ಹಳೆಯ ಮೂಲ ವೇತನದ ಮೇಲೆಯೇ ನಿಂತಿತು. ಲಕ್ಷಗಳ ವ್ಯತ್ಯಾಸ. ಬೇರೆ ಇಲಾಖೆಗಳ ನಿವೃತ್ತರ ಜೊತೆ ಸೇರಿ ಮನವಿ ಕೊಡುತ್ತಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು. ಅವರಿಗೂ ಒಂದು ಅರ್ಜಿ ಬರೆದುಕೊಟ್ಟೆ.

ಪ್ರತಿ ವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನ. ಧ್ವಜ ಮಾರಿ ಬಂದ ಹಣದಲ್ಲಿ ನಿವೃತ್ತರ ಕಲ್ಯಾಣಕ್ಕೂ ಪಾಲು ಇದೆ. ಚಿಕಿತ್ಸೆಗೆ ಕೇಳಬಹುದು ಅಂತ ಎಷ್ಟೋ ಜನರಿಗೆ ತಿಳಿದೇ ಇಲ್ಲ. ಎಸ್‌ಪಿ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಸಂಕೋಚ ಬೇಡ, ಅದು ನಮ್ಮ ಹಣವೇ ಅಲ್ವಾ?

ಓದುತ್ತಿರುವ ನಿವೃತ್ತ ಮಿತ್ರರೇ, ಇವತ್ತು ರಾತ್ರಿ ಊಟ ಆದಮೇಲೆ ಪಿಪಿಒ ತೆಗೆದು ಮನೆಯವರ ಕೈಗೆ ಕೊಡಿ. ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ತಾಳೆ ನೋಡಿ. ತಾಳೆ ಆಗದಿದ್ದರೆ ಈಗಲೇ ತಿದ್ದಿಸಿ. ಎಂಬತ್ತು ತುಂಬಿದವರಿಗೆ ಹೆಚ್ಚುವರಿ ಪಿಂಚಣಿ ಇದೆ, ಅದಕ್ಕೂ ಹುಟ್ಟಿದ ದಿನಾಂಕ ಸರಿ ಇರಬೇಕು.

ದಫೇದಾರರ ಮನೆಯವರ ಅಫಿಡವಿಟ್ ನಾಳೆ ಟೈಪ್ ಆಗುತ್ತದೆ. ಸೋಮವಾರ ಕನಕ ಜಯಂತಿ ರಜೆ. ಮಂಗಳವಾರ ಮಗ ಬೆಂಗಳೂರಿನಿಂದ ಬರುತ್ತೇನೆ ಅಂದಿದ್ದಾನೆ, ಮೂವರೂ ಸೇರಿ ಬ್ಯಾಂಕಿಗೆ ಹೋಗುತ್ತೇವೆ.